ಚಕ್ಕುಬಂದಿಯ ಆಚೆಯವರು

ಭೂಸ್ವಾಧೀನಕ್ಕೆ ಎದುರಾಗಿ ಹಳ್ಳಿಗರು ಸಲ್ಲಿಸುವ ತಕರಾರು ಅರ್ಜಿಗಳ ಮೈಕಟ್ಟು ಹೆಚ್ಚುಕಡಿಮೆ ಒಂದೇ. ಮೇಲೆ ‘ಇಂದ’, ‘ಇವರಿಗೆ’, ‘ಮಾನ್ಯರೇ’, ‘ವಿಷಯ’. ಆಮೇಲೆ ಗ್ರಾಮ, ಹೋಬಳಿ, ಸರ್ವೆ ನಂಬರು, ಎಕರೆ–ಗುಂಟೆಯ ಲೆಕ್ಕ. ಅದರ ಕೆಳಗೆ ಚಕ್ಕುಬಂದಿ: ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಸರ್ಕಾರಿ ಓಣಿ, ಉತ್ತರಕ್ಕೆ ಇಂಥವರ ಮಗ ಇಂಥವರ ಬಾಬ್ತು, ದಕ್ಷಿಣಕ್ಕೆ ಕೆರೆಯ ಅಂಗಳ. ಕೊನೆಗೆ ಸಹಿ, ಇಲ್ಲವೇ ನೀಲಿ ಶಾಯಿಯ ಹೆಬ್ಬೆಟ್ಟು; ಆ ಹೆಬ್ಬೆಟ್ಟು ಯಾರದೆಂದು ಪಕ್ಕದಲ್ಲಿ ಇನ್ನೊಬ್ಬರ ಕೈಬರಹ. ಬರೆದುಕೊಟ್ಟವರು ತಾಲ್ಲೂಕು ಕಚೇರಿ ಎದುರಿನ ಪತ್ರ ಬರಹಗಾರರಿರಬಹುದು, ಊರಿನಲ್ಲಿ ಡಿಗ್ರಿ ಮುಗಿಸಿದ ಹುಡುಗಿಯೂ ಇರಬಹುದು. ಕಚೇರಿಯಲ್ಲಿ ಅದಕ್ಕೊಂದು ಮೊಹರು ಬೀಳುತ್ತದೆ. ಸ್ವೀಕೃತಿಯ ಪ್ರತಿ ಮನೆಯ ಟ್ರಂಕಿನೊಳಗೆ ಹಕ್ಕುಪತ್ರದ ಜೊತೆ ಸೇರುತ್ತದೆ.

ಆ ಚಕ್ಕುಬಂದಿಯ ಸಾಲುಗಳನ್ನು ನಾವು ಓದದೆಯೇ ದಾಟುತ್ತೇವೆ. ಆದರೆ ತುಸು ನಿಂತು ನೋಡಿದರೆ, ನೆರೆಯವರ ಹೆಸರಿಲ್ಲದೆ ಒಂದು ತುಂಡು ನೆಲವನ್ನು ಗುರುತಿಸುವುದು ನಮ್ಮ ಹಿರಿಯರಿಗೆ ಹೊಳೆದೇ ಇರಲಿಲ್ಲವೇನೋ ಎನ್ನಿಸುತ್ತದೆ. ಶಾಸನಗಳಲ್ಲಿ ದಾನ ಕೊಟ್ಟ ಭೂಮಿಗೂ ಇದೇ ಕ್ರಮ: ಮೂಡಲಿಗೆ ಹಳ್ಳ, ತೆಂಕಲಿಗೆ ನೆಟ್ಟ ಕಲ್ಲು, ಪಡುವಲಿಗೆ ಹುತ್ತ, ಬಡಗಲಿಗೆ ಆಲದ ಮರ. ನನ್ನ ಹೊಲ ಎಲ್ಲಿದೆ ಎಂದು ಹೇಳಬೇಕಾದರೆ ನಿನ್ನ ಹೊಲ ಅಲ್ಲಿರಲೇಬೇಕು. ಒಡೆತನ ಒಬ್ಬನದಾದರೂ ಇರುವಿಕೆ ಒಬ್ಬನದಲ್ಲ ಎಂಬುದನ್ನು ಇಷ್ಟು ನಿರಾಡಂಬರವಾಗಿ ಯಾವ ತತ್ತ್ವಗ್ರಂಥ ಹೇಳೀತು?

ಹಾಗಿದ್ದೂ ಆ ನಾಲ್ಕು ಸಾಲುಗಳಲ್ಲಿ ಎಷ್ಟೊಂದು ಜನ ಇಲ್ಲ! ರಾಗಿ ಕಳೆ ತೆಗೆಯಲು ಬರುವ ಹೆಣ್ಣಾಳು ಅಲ್ಲಿಲ್ಲ. ಸುಗ್ಗಿ ಮುಗಿದ ಮೇಲೆ ಮಂದೆ ಕಟ್ಟಿ ಗೊಬ್ಬರ ಕೊಟ್ಟು ಹೋಗುವ ಕುರಿಗಾಹಿ ಅಲ್ಲಿಲ್ಲ. ವಾರಕ್ಕೆ ಮಾಡಿಕೊಂಡಿರುವವನಿಲ್ಲ. ಮದುವೆಯಾಗಿ ಬಂದ ದಿನದಿಂದ ಅದೇ ಮಣ್ಣಿನಲ್ಲಿ ಬಗ್ಗಿ ಎದ್ದ ಮನೆಯಾಕೆಯೂ ಅನೇಕ ಕಡೆ ಇಲ್ಲ. ಪಹಣಿಯಲ್ಲಿರುವುದು ಅವಳ ಮಾವನ ಹೆಸರು. ಪೌತಿ ಖಾತೆ ಮಾಡಿಸದ ಕುಟುಂಬಗಳಲ್ಲಂತೂ ಸರ್ಕಾರದ ನೋಟಿಸು ತೀರಿಹೋದವರ ಹೆಸರಿಗೆ ಬರುತ್ತದೆ, ಬದುಕಿರುವವರ ಹೆಸರಿಗೆ ಬರುವುದಿಲ್ಲ. ಇದು ಕಚೇರಿಯ ವಿನೋದವೆಂದು ನಕ್ಕುಬಿಡಬಹುದಿತ್ತು, ಆ ನೋಟಿಸಿನಲ್ಲಿ ಕೊಟ್ಟ ಗಡುವು ಅಷ್ಟು ಚಿಕ್ಕದಾಗಿರದಿದ್ದರೆ.

ಕೈಗಾರಿಕೆಗಾಗಿ ನಮ್ಮ ರಾಜ್ಯದಲ್ಲಿ ನಡೆಯುವ ಸ್ವಾಧೀನ ಬಹುಮಟ್ಟಿಗೆ 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯಡಿಯಲ್ಲಿ. ಅದರ 28ನೇ ಕಲಮು ಭೂಮಾಲೀಕನಿಗೆ ಕೊಡುವುದು ಮೂವತ್ತು ದಿನ. ಆ ಮೂವತ್ತು ದಿನದಲ್ಲಿ ಅವನು ಹೇಳಬೇಕಾದದ್ದೇನು? ಈ ಜಮೀನನ್ನು ಯಾಕೆ ತೆಗೆದುಕೊಳ್ಳಬಾರದು ಎಂಬುದಕ್ಕೆ ಕಾರಣ. ತೆಗೆದುಕೊಳ್ಳುವವರು ‘ಯಾಕೆ ಬೇಕು’ ಎಂದು ಊರ ಮುಂದೆ ನಿಂತು ವಿವರಿಸಬೇಕಾಗಿಲ್ಲ. ಇದ್ದಲ್ಲೇ ಇರಬಯಸುವವನು ತಾನು ಯಾಕೆ ಇರಬೇಕೆಂದು ಬರೆದು ಒಪ್ಪಿಸಬೇಕು. ನಮ್ಮನ್ನು ಯಾರಾದರೂ ಹೀಗೆ ಕೇಳಿದರೆ ಏನು ಉತ್ತರ ಕೊಟ್ಟೇವು? ನೀವು ಈ ಮನೆಯಲ್ಲಿ ಯಾಕೆ ಇರಬೇಕು, ಒಂದು ತಿಂಗಳಲ್ಲಿ ಕಾರಣ ತಿಳಿಸಿ ಎಂದರೆ? ಬದುಕಿಗೆ ಕಾರಣ ಕೊಡುವುದು ಕಷ್ಟ. ಬೆಳೆಯ ಲೆಕ್ಕ ಬರೆಯಬಹುದು, ಹಾಲಿನ ಡೇರಿಯ ಚೀಟಿ ಲಗತ್ತಿಸಬಹುದು. ಹೊಲದ ಮೂಲೆಯಲ್ಲಿ ಹಿರಿಯರ ಸಮಾಧಿ ಇದೆ, ವರ್ಷಕ್ಕೊಮ್ಮೆ ಎಡೆ ಇಡುತ್ತೇವೆ ಎಂಬುದನ್ನು ಯಾವ ಕಲಮಿನಡಿ ಬರೆಯುವುದು?

2013ರ ಕೇಂದ್ರದ ಭೂಸ್ವಾಧೀನ ಕಾಯ್ದೆ ಈ ಮಾತನ್ನು ಸ್ವಲ್ಪ ಅರ್ಥ ಮಾಡಿಕೊಂಡಿತ್ತು ಎನ್ನಬೇಕು. ಸಾಮಾಜಿಕ ಪರಿಣಾಮದ ಅಧ್ಯಯನ ಆಗಲಿ, ಖಾಸಗಿ ಕಂಪನಿಗಾದರೆ ನೂರಕ್ಕೆ 80ರಷ್ಟು ಕುಟುಂಬಗಳ ಒಪ್ಪಿಗೆ, ಸರ್ಕಾರ–ಖಾಸಗಿ ಸಹಭಾಗಿತ್ವಕ್ಕಾದರೆ 70ರಷ್ಟು ಒಪ್ಪಿಗೆ ಬೇಕು, ಆಕ್ಷೇಪಣೆಗೆ 60 ದಿನ ಇರಲಿ ಎಂದಿತು. ನಷ್ಟಕ್ಕೊಳಗಾಗುವವರ ಪಟ್ಟಿಯಲ್ಲಿ ಕೂಲಿಯವರನ್ನೂ ಗೇಣಿದಾರರನ್ನೂ ಕಂಡಿತು. ಆದರೆ ರಾಜ್ಯದ ಹಳೆಯ ಕಾಯ್ದೆಯ ಬಾಗಿಲು ತೆರೆದೇ ಇರುವಾಗ ಹೊಸ ಬಾಗಿಲಿನಿಂದ ಬರುವವರು ಯಾರು?

ನೋಟಿಸು ಕಾಣದವರನ್ನು ಕಾಣುವುದು ಸಹಿ ಸಂಗ್ರಹ. ಮನೆಮನೆಗೆ ಹೋಗಿ ಸಹಿ ಮಾಡಿಸುವ ಆ ಹಾಳೆಯನ್ನು ನಾವೆಲ್ಲ ನೋಡಿದ್ದೇವೆ. ಸ್ಕೇಲಿನಿಂದ ಗೀಟೆಳೆದ ಕಾಲಂಗಳು: ಕ್ರಮ ಸಂಖ್ಯೆ, ಹೆಸರು, ಊರು, ಸಹಿ. ಅಷ್ಟೇ. ಅಲ್ಲಿ ವಿಸ್ತೀರ್ಣದ ಕಾಲಂ ಇರುವುದಿಲ್ಲ. ಹತ್ತು ಎಕರೆ ದ್ರಾಕ್ಷಿ ಚಪ್ಪರದವನಿಗೂ ಒಂದು ಸಾಲು, ಸೆಂಟು ಭೂಮಿಯಿಲ್ಲದ ಕೂಲಿಯಾಕೆಗೂ ಒಂದು ಸಾಲು. ಅವನ ಹೆಸರಿನ ಕೆಳಗೆ ಅವಳ ಹೆಸರು, ಕೆಲವೊಮ್ಮೆ ಅವಳದರ ಕೆಳಗೆ ಅವನದು. ಎಷ್ಟೋ ಹಳ್ಳಿಗಳಲ್ಲಿ ಒಂದೇ ಪಂಕ್ತಿಯಲ್ಲಿ ಇನ್ನೂ ಕೂಡದವರು ಈ ಹಾಳೆಯ ಮೇಲೆ ಒಂದರ ಕೆಳಗೊಂದು ಸಾಲಾಗಿ ಕೂರುತ್ತಾರೆ. ಅರ್ಜಿಯ ಒಕ್ಕಣೆಗಿಂತ ಈ ಕಾಲಂಗಳಲ್ಲೇ ಅರ್ಥ ಹೆಚ್ಚೆಂದು ನನಗೆ ತೋರುತ್ತದೆ. ಅಧಿಕಾರಿ ಅದನ್ನು ಓದುತ್ತಾನೋ ಇಲ್ಲವೋ, ಬರೆದವರು ಒಬ್ಬರನ್ನೊಬ್ಬರು ಓದಿಕೊಂಡಿರುತ್ತಾರೆ. ವಿಳಾಸ ಒಂದೇ ಆಗಿದ್ದವರು ಒಂದು ಊರಾಗುವುದು ಹೀಗೆಯೇ ಅಲ್ಲವೇ?

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಆದದ್ದನ್ನು ಈ ಬೆಳಕಿನಲ್ಲಿ ನೋಡಬೇಕು. 13 ಹಳ್ಳಿಗಳ 1,777 ಎಕರೆ ಜಮೀನನ್ನು ಏರೋಸ್ಪೇಸ್ ಪಾರ್ಕಿಗೆಂದು ತೆಗೆದುಕೊಳ್ಳುವ ನೋಟಿಸು ಬಂತು. 2022ರ ಏಪ್ರಿಲ್ 4ರಂದು ಜನ ಧರಣಿ ಕೂತರು. ಎದ್ದದ್ದು 2025ರ ಜುಲೈ 15ರಂದು, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನ ಕೈಬಿಟ್ಟೆವೆಂದು ಹೇಳಿದ ಮೇಲೆ. ನಡುವೆ 1,198 ದಿನ. ಒಂದು ಸರ್ಕಾರ ಹೋಗಿ ಇನ್ನೊಂದು ಬಂದಿತ್ತು. ವಿರೋಧ ಪಕ್ಷದಲ್ಲಿದ್ದಾಗ ಬಂದು ಪಕ್ಕದಲ್ಲಿ ಕೂತವರು ಅಧಿಕಾರದಲ್ಲಿ ಕೂತಾಗ ಬೇರೆ ಮಾತಾಡಿದ್ದನ್ನೂ ಜನ ನೋಡಿದರು. 2025ರ ಜೂನ್‌ನಲ್ಲಿ ಪೊಲೀಸರು ಅವರನ್ನು ಎಳೆದು ವ್ಯಾನು ಹತ್ತಿಸಿದ ಚಿತ್ರಗಳು ಪತ್ರಿಕೆಯಲ್ಲಿ ಬಂದವು.

ಆ ಸೀಮೆ ಎಂಥದ್ದು? ಬೆಂಗಳೂರು ನೀಲಿ ದ್ರಾಕ್ಷಿಯದು, ದೇವನಹಳ್ಳಿ ಚಕ್ಕೋತದ್ದು, ಹಿಪ್ಪುನೇರಳೆ ಮತ್ತು ರೇಷ್ಮೆಯದು, ರಾಗಿ ಹಾಗೂ ಹಾಲಿನದು. ಬೆಳಗಿನ ಜಾವ ನಗರದ ಬಾಗಿಲಿಗೆ ಸೊಪ್ಪು ಮುಟ್ಟಿಸುವ ಊರುಗಳು ಅವು. 2008ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಆ ತಾಲ್ಲೂಕಿನವರಿಗೆ ಅಭಿವೃದ್ಧಿ ಎಂಬುದು ಪುಸ್ತಕದ ಮಾತಲ್ಲ, ಕಣ್ಣೆದುರಿನ ಸಂಗತಿ. ನೆಲ ಕೊಟ್ಟ ನೆಂಟರ ಮನೆಯಲ್ಲಿ ಮೊದಲ ವರ್ಷ ಕಾರು ಬಂದದ್ದನ್ನು ಕಂಡರು. ಆಮೇಲಿನ ವರ್ಷಗಳಲ್ಲಿ ಅದೇ ಮನೆಯ ಹುಡುಗ ಗೇಟಿನ ಬಳಿ ಸಮವಸ್ತ್ರ ತೊಟ್ಟು ನಿಂತದ್ದನ್ನೂ ಕಂಡರು. ಎಲ್ಲರ ಪಾಡೂ ಹೀಗಾಯಿತೆಂದಲ್ಲ, ಚೆನ್ನಾಗಿ ಬಾಳಿದವರೂ ಇದ್ದಾರೆ. ಆದರೆ ಊರು ಎರಡನ್ನೂ ತೂಗಿಯೇ ಮಾತಾಡುತ್ತದೆ. ಅಭಿವೃದ್ಧಿ ವಿರೋಧಿಗಳು ಎಂದು ಅವರನ್ನು ಕರೆಯುವ ನಾವು, ಅಭಿವೃದ್ಧಿಯ ಪಕ್ಕದಲ್ಲಿ ಅವರಷ್ಟು ವರ್ಷ ಬದುಕಿ ನೋಡಿದ್ದೇವೆಯೇ?

ನೆನಪು ಎಂಬುದು ಆಕ್ಷೇಪಣೆಯ ತಾಯಿಬೇರು. ಶರಾವತಿಯನ್ನು ಯಾರು ಮರೆತಾರು? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ನಾಡು ಹಿಗ್ಗಿತು. ಹಿಗ್ಗಬೇಕಾದದ್ದೇ, ನಾವು ಓದಿದ ದೀಪದ ಬೆಳಕಿನಲ್ಲಿ ಆ ನೀರಿದೆ. ಮುಳುಗಡೆಯಾದ ಹಳ್ಳಿಗಳವರು ಗಂಟುಮೂಟೆ, ದನಕರು, ಮನೆಯ ತೊಲೆಗಳನ್ನೂ ಲಾರಿಗೆ ಹೇರಿಕೊಂಡು ಶಿವಮೊಗ್ಗ ಜಿಲ್ಲೆಯ ಕಾಡುಗಳೊಳಗೆ ಹೋದರು. ಅವರಿಗೆ ಕೊಟ್ಟ ನೆಲ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು. ಆರು ದಶಕ ಕಳೆದ ಮೇಲೂ ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಪಾದಯಾತ್ರೆ ಮಾಡುತ್ತಿದ್ದಾರೆ, ಮನವಿ ಕೊಡುತ್ತಿದ್ದಾರೆ. ಅಂದು ಆಕ್ಷೇಪಣೆಯ ಅರ್ಜಿ ಬರೆಯದೆ ನಾಡಿನ ಮಾತು ನಂಬಿ ಎದ್ದುಹೋದವರ ಮನೆತನ ಇಂದು ಅರ್ಜಿ ಬರೆಯುವುದರಲ್ಲೇ ಸವೆಯುತ್ತಿದೆ. ಇದನ್ನು ಕಂಡ ಇನ್ನೊಂದು ಹಳ್ಳಿ ‘ಮೊದಲೇ ಬರೆದುಬಿಡೋಣ’ ಎಂದುಕೊಂಡರೆ ಅದು ಹಟವೋ, ವಿವೇಕವೋ?

ಬೇಡಿಕೆ ಹೊತ್ತು ಆಳುವವರ ಮುಂದೆ ನಿಲ್ಲುವುದು ನಮ್ಮ ನಾಡಿಗೆ ಹೊಸದೂ ಅಲ್ಲ. ದಿವಾನ್ ರಂಗಾಚಾರ್ಲು 1881ರಲ್ಲಿ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದಾಗ ಅಲ್ಲಿ ಸೇರಿದ 144 ಮಂದಿಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಅಹವಾಲು ಹೇಳುವುದಷ್ಟೇ ಅವರ ಕೆಲಸ. ಅಧಿಕಾರವಿಲ್ಲದ ಮಾತಿಗೂ ಒಂದು ತೂಕವುಂಟು, ದೊರೆ ಅದನ್ನು ಕೇಳಿಸಿಕೊಳ್ಳುವುದು ರಾಜಧರ್ಮ ಎಂಬ ನಂಬಿಕೆ ಆ ಏರ್ಪಾಟಿನ ಹಿಂದಿತ್ತು. ಇಂದು ಮತಾಧಿಕಾರ ನಮ್ಮದು, ಸರ್ಕಾರ ನಮ್ಮದು. ‘ಆಕ್ಷೇಪಣೆಗಳನ್ನು ಪರಿಶೀಲಿಸಿ ತಿರಸ್ಕರಿಸಲಾಗಿದೆ’ ಎಂಬ ಒಂದೇ ಸಾಲಿನ ಹಿಂಬರಹ ಕೂಡ ನಮ್ಮದೇ. ನೂರಾರು ಅರ್ಜಿಗಳಿಗೆ ಒಂದೇ ಸಾಲು! ಒಪ್ಪದಿದ್ದರೆ ಬೇಡ, ಯಾಕೆ ಒಪ್ಪಲಿಲ್ಲವೆಂದು ಎರಡು ಮಾತು ಬರೆದರೆ ಕಚೇರಿಗೆ ಏನು ಕಡಿಮೆಯಾಗುತ್ತಿತ್ತು?

ಇಷ್ಟು ಹೇಳಿದ ಮೇಲೆ ನಮ್ಮ ಕಡೆಗೂ ತಿರುಗಬೇಕು, ನಗರದವರ ಕಡೆಗೆ. 2016ರಲ್ಲಿ ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಸೇತುವೆ ಕಟ್ಟುವ ಯೋಜನೆ ಬಂದಾಗ ಜನ ಬೀದಿಗಿಳಿದರು. ಎಂಟುನೂರಕ್ಕೂ ಹೆಚ್ಚು ಮರಗಳು ಹೋಗುತ್ತಿದ್ದವು. ಅಕ್ಟೋಬರಿನ ಒಂದು ಭಾನುವಾರ ಸಾವಿರಾರು ಮಂದಿ ಕೈಕೈ ಹಿಡಿದು ಸಾಲು ನಿಂತರು. ‘ಬೇಡ’ ಎಂಬ ಒಂದು ಕನ್ನಡ ಮಾತನ್ನು ಕನ್ನಡ ಬಾರದವರೂ ಫಲಕದಲ್ಲಿ ಎತ್ತಿ ಹಿಡಿದರು. ಮರುವರ್ಷದ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಒಳ್ಳೆಯದೇ ಆಯಿತು. ಆರು ತಿಂಗಳೊಳಗೆ ನಗರದ ಮಾತು ನಡೆಯಿತು, ಹಳ್ಳಿಯ ಮಾತಿಗೆ ಮೂರು ವರ್ಷಕ್ಕೂ ಹೆಚ್ಚು ಬೇಕಾಯಿತು ಎಂಬುದನ್ನು ಮಾತ್ರ ಗುರುತು ಹಾಕಿಕೊಳ್ಳೋಣ. ಮೊಬೈಲಿನ ಮೇಲೆ ಬೆರಳಾಡಿಸಿ ಹಾಕುವ ಸಹಿ ಮತ್ತು ಕೂಲಿ ಬಿಟ್ಟು ಟೆಂಟಿನಡಿ ಕೂತು ಹಾಕುವ ಸಹಿ, ಎರಡೂ ಸಹಿಯೇ. ತೆತ್ತ ಬೆಲೆ ಬೇರೆ.

ಇನ್ನೂ ಒಳಗಿನ ಪ್ರಶ್ನೆಯೊಂದಿದೆ. ಬಡಾವಣೆಯ ಹಿಂದಿನ ಖಾಲಿ ಜಾಗದಲ್ಲಿ ಹದಿನಾಲ್ಕು ಮಹಡಿಯ ಅಪಾರ್ಟ್‌ಮೆಂಟು ಬರುತ್ತದೆಂದು ತಿಳಿದ ಕೂಡಲೇ ನಿವಾಸಿಗಳ ಸಂಘ ಸಭೆ ಸೇರುತ್ತದೆ. ನೀರು ಸಾಲದು, ಒಳಚರಂಡಿ ಉಕ್ಕುತ್ತದೆ, ಗಾಳಿ ಬೆಳಕು ಹೋಗುತ್ತದೆ. ಎಲ್ಲವೂ ನಿಜ. ಆದರೆ ಆ ಸಭೆ ನಡೆಯುತ್ತಿರುವ ಬಡಾವಣೆ ಮೂವತ್ತು ವರ್ಷದ ಹಿಂದೆ ಯಾರ ಹೊಲವಾಗಿತ್ತು? ಆಗ ತಕರಾರು ಬರೆದವನ ಅರ್ಜಿ ಎಲ್ಲಿದೆ? ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಅಂಗಳ. ಕಂಠೀರವ ಕ್ರೀಡಾಂಗಣ ನಿಂತದ್ದು ಸಂಪಂಗಿ ಕೆರೆಯಲ್ಲಿ. ಆ ಕೆರೆಯ ನೀರು ನೆಚ್ಚಿ ಹೂವು ತರಕಾರಿ ಬೆಳೆದ ತಿಗಳ ಸಮುದಾಯದವರು ಕರಗದ ಹೊತ್ತಿನಲ್ಲಿ ಇಂದಿಗೂ ಅಲ್ಲಿ ಉಳಿದಿರುವ ಪುಟ್ಟ ಕಲ್ಯಾಣಿಗೆ ಹೋಗಿ ಪೂಜೆ ಮಾಡುತ್ತಾರೆ. ನಗರ ಹರಿದುಹಾಕಿದ ಅಹವಾಲನ್ನು ಅವರು ವರ್ಷಕ್ಕೊಮ್ಮೆ ಕಾಲ್ನಡೆಯಲ್ಲಿ ಸಲ್ಲಿಸಿ ಬರುತ್ತಾರೆಂದು ನನಗೆ ಅನ್ನಿಸುವುದುಂಟು. ಭಕ್ತಿಯ ವಿಷಯದಲ್ಲಿ ಹೀಗೆ ಹೇಳುವುದು ಅತಿಯಾದರೆ ಹಿರಿಯರು ಮನ್ನಿಸಲಿ.

ಹಾಗಾದರೆ ತಡವಾಗಿ ಬಂದವನಿಗೆ ಆಕ್ಷೇಪಿಸುವ ಹಕ್ಕಿಲ್ಲವೇ? ಇದೆ. ಇಲ್ಲವೆಂದರೆ ಈ ಭೂಮಿಯ ಮೇಲೆ ಯಾರಿಗೂ ಬಾಯಿ ಇರದು, ನಾವೆಲ್ಲ ಒಬ್ಬರಲ್ಲ ಒಬ್ಬರ ಆಮೇಲೆ ಬಂದವರೇ. ಆದರೆ ಸಾಲ ತೀರಿಸದವನು ಸಾಕ್ಷಿ ಹೇಳಲು ಬಂದರೆ ಮಾತು ಸ್ವಲ್ಪ ತಗ್ಗುತ್ತದೆ, ತಗ್ಗಬೇಕು. ‘ನಮ್ಮ ಹಿತ್ತಿಲಲ್ಲಿ ಬೇಡ’ ಎನ್ನುವ ಅರ್ಜಿ ‘ಬೇರೆಯವರ ಹಿತ್ತಿಲಲ್ಲಿ ಆಗಲಿ’ ಎಂಬ ಸಾಲನ್ನು ಬರೆಯದೆಯೇ ಬರೆದಿರುತ್ತದೆ. ಕಸದ ಗುಡ್ಡ ಯಾವ ಹಳ್ಳಿಗೆ ಹೋಯಿತೆಂದು ನಾವು ಕೇಳಲಿಲ್ಲವಲ್ಲ.

ಈ ಇಕ್ಕಟ್ಟಿನಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುವುದು ಹಾನಗಲ್ ತಾಲ್ಲೂಕಿನ ಕುಸನೂರು. 1984ರಲ್ಲಿ ಸರ್ಕಾರವೂ ನಾರಿನ ಕಾರ್ಖಾನೆಯೊಂದೂ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿ ಮಾಡಿ, ಸುಮಾರು 75,000 ಎಕರೆ ಸರ್ಕಾರಿ ಜಮೀನಿನಲ್ಲಿ ನೀಲಗಿರಿ ಬೆಳೆಯ ಹೊರಟವು. ಅದು ಬರೀ ಸರ್ಕಾರಿ ಜಮೀನೇ? ದನ ಮೇಯುತ್ತಿದ್ದ, ಸೌದೆ ಹೆಕ್ಕುತ್ತಿದ್ದ, ಹುಲ್ಲು ಕೊಯ್ಯುತ್ತಿದ್ದ ಹಳ್ಳಿಗಳ ಗೋಮಾಳ, ಗುಡ್ಡ, ಕಾಡಂಚು. ಯಾರ ಪಹಣಿಯಲ್ಲೂ ಅದು ಇರಲಿಲ್ಲವಾದ್ದರಿಂದ ನೋಟಿಸು ಕೊಡಲು ಯಾರೂ ಇರಲಿಲ್ಲ. ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಎಸ್.ಆರ್. ಹಿರೇಮಠರು, ಸುತ್ತಲಿನ ಹಳ್ಳಿಗರು ಮೊದಲು ಮನವಿ ಕೊಟ್ಟರು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯ ಮೊದಲ ಹೆಸರು ಶಿವರಾಮ ಕಾರಂತರದು. ಕರಾವಳಿಯ ಆ ಮುದುಕರಿಗೆ ಆಗ ಎಂಬತ್ತೈದರ ಆಸುಪಾಸು. ಹಾನಗಲ್ ಸೀಮೆಯ ಆ ಗುಡ್ಡಗಳ ಯಾವ ದಿಕ್ಕಿನ ಚಕ್ಕುಬಂದಿಯಲ್ಲೂ ಅವರ ಹೆಸರು ಬರುವುದಿಲ್ಲ. ಆದರೂ ಅದು ತಮಗೆ ಸಂಬಂಧಿಸಿದ್ದು ಎಂದು ಅವರು ಸಹಿ ಹಾಕಿದರು.

1987ರ ನವೆಂಬರ್ 14ರಂದು ಕುಸನೂರಿನಲ್ಲಿ ನಡೆದದ್ದು ‘ಕಿತ್ತಿಕೊ–ಹಚ್ಚಿಕೊ’ ಸತ್ಯಾಗ್ರಹ. ಡೊಳ್ಳು, ಮೆರವಣಿಗೆ ಸಮೇತ ಹೋದ ಜನ ನೂರರಷ್ಟು ನೀಲಗಿರಿ ಸಸಿಗಳನ್ನು ಕಿತ್ತರು. ಸಂಖ್ಯೆ ಸಣ್ಣದೇ, ತೋಪೆಲ್ಲ ನೆಲಸಮ ಮಾಡುವ ಉದ್ದೇಶವಿರಲಿಲ್ಲ. ಕಿತ್ತ ಕುಣಿಗಳಲ್ಲಿ ಊರಿಗೆ ಬೇಕಾದ ಹಣ್ಣಿನ, ಮೇವಿನ ಗಿಡ ನೆಟ್ಟು ನೀರೆರೆದರು. ಮುಂದೆ ಕಾಪಾಡುತ್ತೇವೆಂದು ಪ್ರತಿಜ್ಞೆ ಮಾಡಿದರು. 1991ರಲ್ಲಿ ಆ ಕಂಪನಿ ಮುಚ್ಚಿತು. ಬೇಡವೆಂದ ಕೈಯೇ ಬೇಕಾದದ್ದನ್ನೂ ನೆಟ್ಟಿತು, ನೆಟ್ಟದ್ದಕ್ಕೆ ನೀರು ಹೊರುವ ಹೊಣೆಯನ್ನೂ ಹೊತ್ತಿತು. ನಮ್ಮ ಅರ್ಜಿಗಳಲ್ಲಿ ಮೊದಲನೆಯದು ಇರುತ್ತದೆ. ಎರಡನೆಯದಕ್ಕೆ ಹಾಳೆ ತಿರುಗಿಸಿದರೆ ಹಿಂಬದಿ ಖಾಲಿ. ಅಪಾರ್ಟ್‌ಮೆಂಟು ಬೇಡವೆಂದು ಬರೆದ ಸಂಘ, ಆ ಖಾಲಿ ಜಾಗದ ಪಕ್ಕದ ರಾಜಕಾಲುವೆಯ ಹೂಳಿನ ಬಗ್ಗೆ ಏನು ಬರೆಯಿತು? ತನ್ನದೇ ಬೋರ್‌ವೆಲ್‌ಗಳ ಆಳದ ಬಗ್ಗೆ?

ಮತ್ತೆ ಚನ್ನರಾಯಪಟ್ಟಣಕ್ಕೆ. ಸ್ವಾಧೀನ ಕೈಬಿಡುವ ತೀರ್ಮಾನದ ಆ ದಿನಗಳಲ್ಲೇ ಕೆಲವು ರೈತರು ಸರ್ಕಾರದ ಬಳಿ ಹೋಗಿ ‘ನಮ್ಮ ಜಮೀನು ತೆಗೆದುಕೊಳ್ಳಿ, ತಕ್ಕ ಬೆಲೆ ಕೊಡಿ’ ಎಂದು ಮನವಿ ಕೊಟ್ಟರು. ಮನಸ್ಸಿದ್ದವರು ಕೊಡಬಹುದು, ಹೆಚ್ಚಿನ ಪರಿಹಾರ ಕೊಡುತ್ತೇವೆಂದು ಸರ್ಕಾರವೂ ಹೇಳಿತು. ಹೋರಾಟದ ಕಣ್ಣಿಗೆ ಇವರು ದ್ರೋಹಿಗಳಂತೆ ಕಂಡದ್ದು ಸಹಜ. ಆದರೆ ದೂರದಲ್ಲಿ ಕೂತ ನಾವು ಅಷ್ಟು ಬೇಗ ತೀರ್ಪು ಕೊಡಬಾರದು. ಆ ಮನವಿಯ ಹಿಂದೆ ದಲ್ಲಾಳಿ ಇರಬಹುದು. ಡಯಾಲಿಸಿಸ್‌ನಲ್ಲಿರುವ ತಾಯಿಯೂ ಇರಬಹುದು, ಮೂರು ಭಾಗವಾದ ಎರಡು ಎಕರೆಯಲ್ಲಿ ಏನೂ ಹುಟ್ಟುವುದಿಲ್ಲವೆಂದು ಕಂಡ ತಮ್ಮನೂ ಇರಬಹುದು. ಬೇಸಾಯ ಬಿಟ್ಟುಬಿಡುವ ಹಕ್ಕಿಲ್ಲದವನಿಗೆ ಬೇಸಾಯ ಮಾಡುವ ಹಕ್ಕಿದೆ ಎಂದರೆ ಅದು ಎಂಥ ಹಕ್ಕು? ಹಾಗೆಂದು ನಡುವಿನ ಒಂದು ಹೊಲ ಕಾಂಪೌಂಡು ಕಂಡರೆ ಸುತ್ತಲಿನ ನಾಲ್ಕು ಹೊಲಗಳಿಗೆ ದಾರಿ, ನೀರು, ನೆರಳು ಎಲ್ಲ ಬದಲಾಗುತ್ತವೆ. ಒಪ್ಪಿದವನ ಸ್ವಾತಂತ್ರ್ಯವೂ ಒಪ್ಪದವನ ಬದುಕೂ ಒಂದೇ ಬದುವಿನ ಎರಡು ಪಕ್ಕಗಳು. ಇದನ್ನು ಸರ್ಕಾರ ಬಿಡಿಸಲಾರದು, ನ್ಯಾಯಾಲಯವೂ ಪೂರ್ತಿ ಬಿಡಿಸಲಾರದು. 1,198 ದಿನ ಜೊತೆಗೆ ಕೂತು ಅಭ್ಯಾಸವಾದ ಊರು ಬಿಡಿಸಿದರೆ ಬಿಡಿಸಬೇಕು. ಹೋರಾಟದ ಕಠಿಣ ಭಾಗ ಗೆದ್ದ ಮೇಲೆ ಶುರುವಾಗುತ್ತದೆಂದು ನನ್ನ ಭಾವನೆ: ಸಹಿ ಹಾಕದ ನೆರೆಯವನ ಮನೆಯ ಮದುವೆಗೆ ಹೋಗುವುದು, ಅವನ ಎಮ್ಮೆ ಕರು ಹಾಕಿದರೆ ಗಿಣ್ಣು ಬೇಡವೆನ್ನದೆ ಈಸಿಕೊಳ್ಳುವುದು.

ಬಿಡದಿಯ ಬಳಿ ಬೈರಮಂಗಲ, ಕಂಚುಗಾರನಹಳ್ಳಿಯ ಸುತ್ತ ಒಂಬತ್ತು ಹಳ್ಳಿಗಳಲ್ಲಿ ಉಪನಗರದ ಯೋಜನೆ ಎದುರಿಗಿದೆ. ಅಲ್ಲೂ ಧರಣಿ ಇದೆ, ಅಲ್ಲೂ ಒಪ್ಪಿದವರಿದ್ದಾರೆ, ಒಪ್ಪದವರಿದ್ದಾರೆ. ಇಬ್ಬರ ಕಾಗದಗಳೂ ಸರ್ಕಾರದ ಮೇಜು ಸೇರುತ್ತಿವೆ. ಇವೆರಡರ ಜೊತೆ ಇನ್ನೂ ಬರೆಯದ ಮೂರನೆಯ ಅರ್ಜಿಯೊಂದಿದೆ. ಉಪನಗರವಾದರೆ ಅಲ್ಲೊಂದು ಸೈಟು ಸಿಕ್ಕೀತೇ, ಮೂವತ್ತು ನಲವತ್ತರ ಅಳತೆಯದಾದರೂ ಸಾಕು ಎಂದು ಮಗನ ಸಂಬಳ, ಬ್ಯಾಂಕಿನ ಸಾಲ ಲೆಕ್ಕ ಹಾಕುತ್ತಿರುವ ನಮ್ಮದು. ಆ ಹಳ್ಳಿಯವರ ಆಕ್ಷೇಪಣೆಯನ್ನು ತರಿಸಿಕೊಂಡು, ಅದರಲ್ಲಿ ಬರೆದಿರುವ ಮಾವಿನ ಮರ, ಬಾಳೆ, ರೇಷ್ಮೆ ಮನೆ, ಹಸುಗಳ ವಿವರ ಓದಿ, ಆಮೇಲೆ ಸೈಟಿನ ಅರ್ಜಿಗೆ ಸಹಿ ಹಾಕಲು ನಾವು ಸಿದ್ಧರಿದ್ದೇವೆಯೇ?